ಸಿಂಧಘಟ್ಟಕ್ಕೆ ಹೋದ ಬಾಗಿಲುಗಳು

ಗಂಜಾಮಿನ ಪೂರ್ವದ ಬೀದಿಯಲ್ಲಿ ಬಡಗಿ ಚೌಡಾಚಾರಿಗೆ ಮೂರು ಬಾಡಿಗೆ ಮನೆಗಳಿದ್ದವು. ಮನೆಗಳೆಂದರೆ ಒಂದು ಉದ್ದನೆಯ ಮಣ್ಣಿನ ಗೋಡೆಗೆ ಎರಡು ಅಡ್ಡಗೋಡೆ ಹಾಕಿ ಮಾಡಿದ ಮೂರು ಭಾಗಗಳು. ಪ್ರತಿಯೊಂದಕ್ಕೂ ಒಂದು ಬಾಗಿಲು, ಒಂದು ಒಲೆ, ಮೇಲೆ ನಾಡಹೆಂಚು. ತಿಂಗಳಿಗೆ ತಲಾ ಒಂದು ಹಣ ಬಾಡಿಗೆ. ಹತ್ತು ಹಣಕ್ಕೆ ಒಂದು ವರಹವಾದ್ದರಿಂದ ವರ್ಷಕ್ಕೆ ಮೂರು ವರಹ ಆರು ಹಣ ಬರುತ್ತಿತ್ತು.

ಆ ದುಡ್ಡಿನಲ್ಲೇ ಚೌಡಾಚಾರಿ ಮತ್ತು ಅವನ ಹೆಂಡತಿ ಮಾಯಮ್ಮನ ಊಟ ನಡೆಯಬೇಕಿತ್ತು. ಸುಲ್ತಾನರ ಕೋಟೆಯ ಕಾರ್ಖಾನೆಯಲ್ಲಿ ಫಿರಂಗಿ ಗಾಡಿಗೆ ಚಕ್ರ ಕೂರಿಸುವಾಗ ಅವನ ಬಲಗೈ ಮಣಿಕಟ್ಟು ಜಜ್ಜಿ ಎರಡು ವರ್ಷವಾಗಿತ್ತು. ಸಣ್ಣ ಕೆಲಸ ಮಾಡುತ್ತಿದ್ದ. ಬಾಚಿ ಎತ್ತಿ ಇಡೀ ದಿನ ಕೆತ್ತುವುದು ಆಗುತ್ತಿರಲಿಲ್ಲ. ಗಂಡ ಹೆಂಡತಿ ಸಾಲಿನ ಹಿಂದಿನ ಕೆಲಸದ ಕೊಟ್ಟಿಗೆಯಲ್ಲೇ ಇದ್ದುಕೊಂಡು ಮುಂದಿನ ಮೂರನ್ನೂ ಬಾಡಿಗೆಗೆ ಬಿಟ್ಟಿದ್ದರು.

೧೭೯೯ರ ಫೆಬ್ರವರಿಯಲ್ಲಿ ಇಂಗ್ಲಿಷರ ದಂಡು ಮತ್ತೆ ಘಟ್ಟ ಹತ್ತಿ ಬರುತ್ತಿದೆ ಎಂಬ ಸುದ್ದಿ ಬಂತು. ಒಂದು ಮನೆಯಲ್ಲಿದ್ದ ಸಿಪಾಯಿಯ ಸಂಸಾರ ಕೋಟೆಯೊಳಗೆ ಸೇರಿಕೊಂಡಿತು. ಇನ್ನೊಂದರಲ್ಲಿದ್ದ ಬಣ್ಣಗಾರ ಎರಡು ತಿಂಗಳ ಬಾಡಿಗೆ ಉಳಿಸಿಕೊಂಡು ಊರು ಬಿಟ್ಟ. ಮೊದಲ ಮನೆಯಲ್ಲಿ ಪುರಿ ಹುರಿದು ಮಾರುವ ಚಿಕ್ಕಬೋರಮ್ಮ ಒಬ್ಬಳೇ ಉಳಿದಳು.

ಅದೇ ವಾರ ನಾಗಮಂಗಲದ ಹಿತ್ತಾಳೆ ಪಾತ್ರೆ ವ್ಯಾಪಾರಿ ನರಸಯ್ಯ ಬಂದು ಮೂರು ಮನೆಗೂ ಸೇರಿ ಹದಿನೈದು ವರಹ ಕೊಡುತ್ತೇನೆಂದ.

"ಹದ್ನೈದಾ? ಬರೀ ತೊಲೆ, ಜಂತೆ, ಬಾಗ್ಲುವಾಡ್ವೇ ಹದ್ನೆಂಟು ಬಾಳ್ತವೆ ಕಣಯ್ಯ," ಎಂದ ಚೌಡಾಚಾರಿ. "ಹೊನ್ನೆ ತೊಲೆ. ಅಲಸಿನ ಬಾಗ್ಲು. ಕಣ್ ಬುಟ್ಟು ನೋಡು."

"ನಾನ್ ಮರ ಕೇಳ್ತಿಲ್ಲ ಆಚಾರ್ರೇ. ಜಾಗ ಕೇಳ್ತಿವ್ನಿ."

"ಮರ ತಕ್ಕಂಡ್ರೆ ಇನ್ನೇನದೆ ಅಲ್ಲಿ? ಮಣ್ಣು."

"ಆ ಮಣ್ಣೇ ಕೊಡಿ. ಮರ ಬುಟ್ಟು ಮಣ್ಣಿಗೆ ಆರು ವರಹ ಕೊಡ್ತೀನಿ."

ಚೌಡಾಚಾರಿ ನಕ್ಕುಬಿಟ್ಟ. ಮಣ್ಣಿಗೆ ಆರು ವರಹ ಕೊಡುವವನ ತಲೆ ಸರಿಯಿಲ್ಲ, ಇಲ್ಲವೇ ಅದರಲ್ಲಿ ಏನೋ ಮೋಸವಿದೆ ಎಂದುಕೊಂಡು ಎರಡಕ್ಕೂ ಒಪ್ಪಲಿಲ್ಲ. ನರಸಯ್ಯ ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಹೋದ.

ಮರುದಿನ ಚಿಕ್ಕಬೋರಮ್ಮ ಬಂದಳು. ಅವಳ ಬಳಿ ನಾಲ್ಕು ವರಹ ಕೂಡಿತ್ತು. ಅಷ್ಟನ್ನೂ ಒಟ್ಟಿಗೆ ಕೊಡುತ್ತೇನೆ, ಎರಡು ವರ್ಷಕ್ಕೆ ಮನೆಯನ್ನು ಭೋಗ್ಯಕ್ಕೆ ಬರೆದುಕೊಡಿ ಎಂದಳು. ಭೋಗ್ಯವೆಂದರೆ ಬಾಡಿಗೆ ಇರುವುದಿಲ್ಲ. ಗಡುವು ಮುಗಿದ ಮೇಲೆ ಮನೆಯವನು ನಾಲ್ಕು ವರಹವನ್ನೂ ಹಿಂದಿರುಗಿಸಬೇಕು, ಅವಳು ಮನೆ ಬಿಡಬೇಕು.

"ದಂಡು ಬಂದ್ರೆ ಗಂಟು ನನ್ ತಾವಿದ್ರೆ ಓಯ್ತದೆ," ಎಂದಳು. "ನಿಮ್ ತಾವಿದ್ರೆ ಒಂದ್ ಚೀಟಿಯಾದ್ರೂ ಇರ್ತದಲ್ಲ."

ಚೌಡಾಚಾರಿ ಲೆಕ್ಕ ಹಾಕಿದ. ಎರಡು ವರ್ಷದ ಬಾಡಿಗೆ ಎರಡು ವರಹ ನಾಲ್ಕು ಹಣ. ಅದು ಬರುವುದಿಲ್ಲ. ನಾಲ್ಕು ವರಹ ಕೈಯಲ್ಲಿರುತ್ತದೆ, ಆದರೆ ಅದು ತನ್ನದಲ್ಲ. ಮನೆ ಸುಟ್ಟುಹೋದರೂ ಕೊಡಬೇಕು. ಏಳು ವರ್ಷದ ಹಿಂದಿನ ಯುದ್ಧದಲ್ಲಿ ಗಂಜಾಮಿನಲ್ಲಿ ದಂಡು ಬೀಡುಬಿಟ್ಟಾಗ ಅವನ ಮೂರು ಬಾಗಿಲು, ಹನ್ನೊಂದು ಜಂತೆ ಅಡುಗೆಯ ಒಲೆಗೆ ಹೋಗಿದ್ದವು. ಗೋಡೆಗಳನ್ನು ಯಾರೂ ಮುಟ್ಟಿರಲಿಲ್ಲ. ಕೆಟ್ಟದ್ದು ಮರ ಮಾತ್ರ, ಮತ್ತೆ ಕಟ್ಟುವಾಗ ದುಡ್ಡು ನುಂಗಿದ್ದೂ ಮರವೇ.

"ಸುಟ್ಟೋದ ಮನೆಗೆ ನಾನ್ ಎಲ್ಲಿಂದ ನಾಕ್ ವರಹ ತರ್ಲಿ? ಬ್ಯಾಡ ಕಣ್ ಬೋರಮ್ಮ."

"ನೀವೇ ಯೋಸ್ನೆ ಮಾಡಿ. ನಾನೇನೂ ಅಡ್ಬೀಳಾಕಿಲ್ಲ," ಎಂದು ಅವಳು ಹೋದಳು.

ಮಾಯಮ್ಮ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅವ್ನಿಗೆ ಮಾರಿದ್ರೆ ಹದ್ನೈದು. ಇವ್ಳಿಗೆ ಭೋಗ್ಯಕ್ ಕೊಟ್ರೆ ನಾಕು. ನೀವ್ ಎಲ್ರಿಗೂ ಇಲ್ಲ ಅಂದ್ರೆ ಎಷ್ಟು?"

"ಹದ್ನೆಂಟು."

"ಯಾರ್ ಕೊಡ್ತಾರೆ?"

"ಯಾರೂ ಕೊಡ್ಬೇಕಿಲ್ಲ ಕಣಮ್ಮಿ. ಮರ ಬಿಚ್ಚಿ ಸಿಂಧಘಟ್ಟಕ್ ಹೊಡಿಸ್ಬುಟ್ರೆ ಹದ್ನೆಂಟೂ ನಮ್ ತಾವೇ ಇರ್ತದೆ."

"ಇದ್ದು?"

ಬಿಚ್ಚುವುದೆಂದೇ ತೀರ್ಮಾನವಾಯಿತು. ಶೀಳನೆರೆಯ ಗಾಡಿಯ ಮಂಚಯ್ಯ ಎರಡು ಗಾಡಿ ತರುತ್ತೇನೆಂದು ಒಪ್ಪಿಕೊಂಡ.

ಮಾರ್ಚ್ ಮೊದಲ ವಾರ ಹೆಂಚುಗಳನ್ನು ಇಳಿಸಿ ಒಳಗೆ ಮೂಲೆಯಲ್ಲಿ ಪೇರಿಸಿದರು. ರೀಪು, ಜಂತೆ, ಆಮೇಲೆ ತೊಲೆಗಳು ಇಳಿದವು. ಬೆಣೆ ಹೊಡೆದು ಬಾಗಿಲುವಾಡಗಳನ್ನು ಗೋಡೆಯಿಂದ ಬಿಡಿಸಿದರು. ಚೌಡಾಚಾರಿ ತಾನೇ ಕೂರಿಸಿದ ಕೀಲುಗಳಾದ್ದರಿಂದ ಒಂದೂ ಸೀಳಲಿಲ್ಲ. ಆ ಎರಡು ದಿನ ಅವನು ಖುಷಿಯಾಗಿಯೇ ಇದ್ದ.

ಚಿಕ್ಕಬೋರಮ್ಮ ಎದ್ದು ಹೊರಗೆ ಬರಲಿಲ್ಲ. ಅವಳ ಪುರಿಯ ಭಟ್ಟಿ ನೆಲಕ್ಕೆ ಹೂತದ್ದು, ಮೇಲೆ ಬಾಣಲೆಯಲ್ಲಿ ಮರಳು. ತಲೆಯ ಮೇಲಿನ ಸೂರು ಹೋಗುತ್ತಿದ್ದರೂ ಅಕ್ಕಿ ಹುರಿಯುತ್ತಲೇ ಇದ್ದಳು.

"ನೀನೂ ಬಂದ್ಬುಡು ಬೋರಮ್ಮ. ಗಾಡೀಲಿ ಜಾಗ ಅದೆ," ಎಂದಳು ಮಾಯಮ್ಮ.

"ಭಟ್ಟಿ ಎತ್ತಾಕ್ಕಂಡ್ ಬರಕ್ಕಾಯ್ತದಾ ಮಾಯಕ್ಕ? ನಾನ್ ಇಲ್ಲೇ ಇರ್ತೀನಿ. ದಂಡಿನೋರಿಗೂ ಹಸ್ವಾಯ್ತದೆ."

"ಬಾಗ್ಲಿಲ್ಲ, ಸೂರಿಲ್ಲ. ಏನಂತ ಇದ್ದೀಯೆ?" ಎಂದ ಚೌಡಾಚಾರಿ. ಬಾಗಿಲು ತೆಗೆದವನು ತಾನೇ ಎಂಬುದು ಅವನಿಗೆ ಆ ಮಾತು ಬಾಯಿಂದ ಬಂದ ಮೇಲೆ ಹೊಳೆಯಿತು.

"ಈ ತಿಂಗ್ಳು ಬಾಡ್ಗೆ ಕೇಳ್ಬ್ಯಾಡಿ, ಅಷ್ಟೇಯ," ಎಂದಳು ಅವಳು.

ಗಾಡಿಗಳು ಹೊಳೆ ದಾಟಿ, ಈಗ ಪಾಂಡವಪುರವೆನ್ನುವ ಹಿರೋಡೆಯ ಮೇಲೆ ಹಾದು, ಎರಡನೆಯ ದಿನ ಸಂಜೆ ಸಿಂಧಘಟ್ಟ ಸೇರಿದವು. ಅಲ್ಲಿ ಚೌಡಾಚಾರಿಯ ಅಣ್ಣನ ಹಿತ್ತಲಿನಲ್ಲಿ ಮರವನ್ನು ಕಲ್ಲಿನ ಮೇಲೆ ಪೇರಿಸಿ ಹುಲ್ಲು ಮುಚ್ಚಿದರು. ಅವನು ದಿನಕ್ಕೊಮ್ಮೆ ಹೋಗಿ ಗೆದ್ದಲು ಹಿಡಿದಿದೆಯೇ ಎಂದು ನೋಡಿ ಬರುತ್ತಿದ್ದ.

ಮಾರ್ಚ್ ಕೊನೆಯಲ್ಲಿ ಮಳವಳ್ಳಿಯ ಬಳಿ ಕಾಳಗವಾಯಿತೆಂದು ಕೇಳಿದರು. ಮೇ ನಾಲ್ಕರಂದು ಕೋಟೆ ಬಿತ್ತು. ಸುಲ್ತಾನರು ಸತ್ತರು ಎಂದು ಒಬ್ಬ, ಇಲ್ಲ ಎಂದು ಇನ್ನೊಬ್ಬ. ಕೊನೆಗೆ ಸತ್ತದ್ದೇ ನಿಜವೆಂದು ತಿಳಿಯಿತು. ಮೇ ಕೊನೆಯಲ್ಲಿ ಮಂಚಯ್ಯ ಗಂಜಾಮಿನಿಂದ ಬಂದ.

"ಲೇ ಆಚಾರಿ, ನಿನ್ ಅದೃಷ್ಟ ಕಣ್ಲಾ. ಪಟ್ಣದಲ್ಲಿ ಮರಕ್ಕೆ ಚಿನ್ನದ್ ಬೆಲೆ. ಕೋಟೆ ಒಳಗೆ ಅರ್ಧ ಮನೆಗೆ ಸೂರಿಲ್ಲ. ಒಂದ್ ಜಂತೆ ಕೊಡಿ ಅಂತ ಜನ ಕಾಲ್ ಇಡೀತಾವ್ರೆ."

"ನಮ್ ಸಾಲು?"

"ನಿಂತದೆ."

"ಗೋಡೆ?"

"ಅದೇ ಕಣ್ಲಾ, ಗೋಡೆನೇ ನಿಂತಿರದು. ಇನ್ನೇನ್ ಬುಟ್ಟಿದ್ದೆ ನೀನು?"

ಚೌಡಾಚಾರಿ ಹೆಂಡತಿಯ ಕಡೆ ಗೆದ್ದವನಂತೆ ನೋಡಿದ. ಹೊಳೆ ತುಂಬುವ ಮೊದಲು ದಾಟಬೇಕೆಂದು ಜೂನ್ ಮೊದಲ ವಾರವೇ ಮರ ಹೇರಿಕೊಂಡು ಹೊರಟರು.

ಗಂಜಾಮಿನ ಸಾಲಿಗೆ ಸೋಗೆಯ ಸೂರಿತ್ತು. ಬಿದಿರಿನ ಗಳು ಕಟ್ಟಿ, ತೆಂಗಿನ ಸೋಗೆ ಹೊದಿಸಿ, ಬಾಗಿಲ ಜಾಗಕ್ಕೆ ತಡಿಕೆ ನಿಲ್ಲಿಸಿದ್ದರು. ಮೊದಲ ಮನೆಯಿಂದ ಪುರಿಯ ಹೊಗೆ. ನಡುವಿನ ಮನೆಯ ಜಗುಲಿಯಲ್ಲಿ ಒಬ್ಬ ದರ್ಜಿ ಕೆಂಪು ಅಂಗಿಗೆ ತೇಪೆ ಹಾಕುತ್ತಿದ್ದ. ಮೂರನೆಯದರಿಂದ ಮಗುವಿನ ಅಳು ಕೇಳುತ್ತಿತ್ತು. ಹಿಂದಿನ ಕೊಟ್ಟಿಗೆ ಮಾತ್ರ ಯಾರೂ ನೋಡಿಕೊಳ್ಳದೆ ಕುಸಿದು ಕುಪ್ಪೆಯಾಗಿತ್ತು.

"ಬನ್ನಿ ಆಚಾರ್ರೇ," ಎಂದಳು ಚಿಕ್ಕಬೋರಮ್ಮ. "ಮಾಯಕ್ಕ, ಸೊರಗೋಗಿದ್ದೀಯಲ್ಲ. ಸಿಂಧಘಟ್ಟದಲ್ಲಿ ಹಿಟ್ಟಿಗೂ ಬರ್ವಾ?"

"ಇದೇನ್ ಬೋರಮ್ಮ ಇದು?" ಎಂದ ಚೌಡಾಚಾರಿ.

"ಯಾವ್ದು?"

"ಇದೇ. ಸೋಗೆ. ಜನ."

"ಸೋಗೆ ನಾನಾಕಿಸ್ದೆ. ಜನ ತಾವಾಗೇ ಬಂದ್ರು. ಕೋಟೇಲಿ ಮನೆ ಕಳ್ಕಂಡೋರು. ಸುಮ್ನಿದ್ದಿದ್ರೆ ಮಳೆಗೆ ನಿಮ್ ಗೋಡೆ ಕರಗ್ ಓಯ್ತಿತ್ತು. ನನ್ನೊಬ್ಳ ತಲೆ ಮ್ಯಾಲೆ ಹೊದ್ಸಿ ಅವೆರಡ್ನೂ ನೆನೆಯಕ್ ಬುಡಕಾಯ್ತದಾ? ಅಡ್ಡಗೋಡೆ ಒಂದೇ ಅಲ್ವಾ?"

"ಬಾಡ್ಗೆ?"

"ತಲಾ ಮೂರ್ ಹಣ."

ಚೌಡಾಚಾರಿ ಜಗುಲಿಯ ಮೇಲೆ ಕೂತ. ಒಂದಿದ್ದದ್ದು ಮೂರಾಗಿದೆ. ಬಾಗಿಲಿಲ್ಲದ ಮನೆಗೆ ಮೂರು.

ನಿಜವಾದ ವಿಷಯವನ್ನು ಅವಳು ಆಮೇಲೆ ಹೇಳಿದಳು. ಹತ್ತು ದಿನದ ಹಿಂದೆ ಹೊಸ ಕಚೇರಿಯಿಂದ ಒಬ್ಬ ಶಾನುಭೋಗ ಬಂದು ಬೀದಿಯ ಮನೆಗಳನ್ನೆಲ್ಲ ಬರೆದುಕೊಂಡು ಹೋದ.

"ಯಾರ್ ಮನೆ ಅಂದ್ರು. ಚೌಡಾಚಾರ್ರುದ್ದು ಅಂದೆ. ಎಲ್ಲವ್ರೆ ಅಂದ್ರು. ಸಿಂಧಘಟ್ಟ ಅಂದೆ. ಮನೆ ಬುಟ್ಟೋದ್ರಾ ಅಂದ್ರು. ಮನೆ ಬುಟ್ಟು ಬಾಗ್ಲು ತಕ್ಕಂಡೋದ್ರು ಅಂದೆ. ಅವಯ್ಯ ನಕ್ಕ. ಬಾಗ್ಲು ಕಿತ್ಕಂಡೋದೋನು ಮತ್ತೆ ಬರಾಕಿಲ್ಲ ಅಂದ. ಸೂರ್ ಹಾಕ್ದೋರ್ ಯಾರು, ಒಲೆ ಯಾರ್ದು ಅಂದ. ನಂದು ಅಂದೆ. ನನ್ ಹೆಸ್ರು ಬರ್ಕಂಡ. ಮನೆ ಕಂದಾಯ ನಾನೇ ಕಟ್ಟಿವ್ನಿ."

"ನಿನ್ ಹೆಸ್ರು?"

"ಊಂ. ನಾನ್ ಬರೀರಿ ಅನ್ನಿಲ್ಲ. ಬರೀಬ್ಯಾಡಿ ಅಂತಾನೂ ಅನ್ನಿಲ್ಲ."

"ಅಂದ್ರೆ ಮನೆ ಈಗ ಯಾರ್ದು?"

"ನಂಗೇನ್ ಗೊತ್ತು ಆಚಾರ್ರೇ? ನಾನ್ ಪುರಿ ಹುರಿಯೋಳು."

ಅವಳ ಮುಖದಲ್ಲಿ ಕಪಟ ಕಾಣಲಿಲ್ಲ. ಕಂಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು, ಜಗಳವಾಡಬಹುದಿತ್ತು.

ಮಾರನೆಯ ಬೆಳಿಗ್ಗೆ ಅವನು ಕಚೇರಿಗೆ ಹೋದ. ಎರಡು ವರ್ಷದ ಹಿಂದಿನ ಕಂದಾಯದ ಚೀಟಿಯೊಂದು ಅವನ ಬಳಿ ಇತ್ತು. ಶಾನುಭೋಗ ಅದನ್ನು ಬೆಳಕಿಗೆ ಹಿಡಿದು ಓದಿದ.

"ಪೂರ್ವದ ಬೀದಿ, ಮೂರು ಬಾಗಿಲಿನ ಹೆಂಚಿನ ಮನೆ ಎಂದಿದೆ."

"ಔದು ಸ್ವಾಮಿ. ಅದೇಯ."

"ಅಲ್ಲಿ ಬಾಗಿಲು ಎಲ್ಲಿದೆ? ನಾನೇ ನೋಡಿ ಬಂದಿದ್ದೇನೆ. ಸೋಗೆ, ತಡಿಕೆ. ಇದು ಬೇರೆ ಯಾವುದೋ ಮನೆಯ ಚೀಟಿ."

"ಬಾಗ್ಲು ಗಾಡಿ ಮ್ಯಾಲದೆ ಸ್ವಾಮಿ."

"ಗಾಡಿಯನ್ನು ನಾನು ಬರೆದುಕೊಳ್ಳುವುದಿಲ್ಲ. ಮನೆ ಬರೆದುಕೊಳ್ಳುತ್ತೇನೆ." ಅವನು ಚೀಟಿಯನ್ನು ಹಿಂದಕ್ಕೆ ಕೊಟ್ಟ. "ಆ ಹೆಂಗಸು ಬಂದು, ಇದು ನನ್ನದಲ್ಲ ಎಂದು ನನ್ನ ಮುಂದೆ ಹೇಳಲಿ. ಹೆಸರು ತಿದ್ದುತ್ತೇನೆ. ಅವಳು ಹೇಳದಿದ್ದರೆ ನಾನೇನೂ ಮಾಡಲಾರೆ."

ಚೌಡಾಚಾರಿ ವಾಪಸು ಬಂದು ವಿಷಯ ಹೇಳಿದ. ಚಿಕ್ಕಬೋರಮ್ಮ ಬಾಣಲೆಯ ಮರಳನ್ನು ಜರಡಿಗೆ ಸುರಿದು ಪುರಿ ಬೇರೆ ಮಾಡುತ್ತಾ ಕೇಳಿದಳು.

"ಯೋಳ್ತೀನಿ ಬುಡಿ. ಆದ್ರೆ ಬಿದ್ರು, ಸೋಗೆ, ಕೂಲಿ, ಕಂದಾಯ ಎಲ್ಲ ಸೇರಿ ನನ್ ನಾಕ್ ವರಹಾನೂ ಇದ್ರಲ್ಲೇ ಓಯ್ತು. ಮನೆ ನಿಮ್ದು ಅಂತ ಯೋಳ್ಬುಟ್ರೆ ಆ ದುಡ್ಡು ಯಾರ್ ಕೊಡ್ತೀರಿ?"

"ನಾನ್ ಹಾಕ್ಸು ಅಂದಿದ್ನಾ?"

"ಇಲ್ಲ. ಗೋಡೆ ಕರಗ್ಲಿ ಅಂತಾನೂ ಅಂದಿರ್ನಿಲ್ಲ."

ಅವನು ಮಂಚಯ್ಯನ ಗಾಡಿಯ ನೊಗದ ಮೇಲೆ ಕೂತು ಬೆರಳು ಮಡಚಿದ. ಮನೆ ತನ್ನದಾದರೆ ಅವಳಿಗೆ ನಾಲ್ಕು ವರಹ ತಾನು ಕೊಡಬೇಕು. ಮನೆ ಅವಳದಾದರೆ ಬಾಗಿಲು, ತೊಲೆಯ ಬೆಲೆ ಅವಳು ಕೊಡಬೇಕು. ಆದರೆ ಆ ಮರ ಇನ್ನೂ ಗಾಡಿಯ ಮೇಲಿದೆ, ಅವಳು ಕೇಳಿಯೂ ಇಲ್ಲ. ತಾನು ಮನೆಯಿರುವ ಸಾಲಗಾರನೋ, ಮನೆಯಿಲ್ಲದ ಮರದ ವ್ಯಾಪಾರಿಯೋ? ಬೆರಳು ಬಿಡಿಸಿ ಮತ್ತೆ ಮಡಚಿದ. ಬೇರೆ ಉತ್ತರ ಬರಲಿಲ್ಲ.

"ಲೇ, ನಿನ್ ಬೆಳ್ಳು ಎಣಿಸ್ತಾ ಕೂತ್ರೆ ನನ್ ಎತ್ತು ಉಪಾಸ ಸಾಯ್ತವೆ," ಎಂದ ಮಂಚಯ್ಯ. "ಇವತ್ ಸಂಜೆ ಒಳಗೆ ಹೊಳೆ ದಾಟ್ಬೇಕು ನಾನು. ಬೆಳಗೊಳದ ತಾವ ನೀರ್ ಕೆಂಪಾಯ್ತು ಅಂತಾವ್ರೆ. ಇಳಿಸ್ತೀಯಾ, ಇಲ್ಲಾ ಆ ಮರದ್ ಮಂಡಿಯೋನಿಗೆ ಕೊಡ್ತೀಯಾ?"

ಮಂಡಿಯವನು ಬೆಳಿಗ್ಗೆಯಿಂದ ಎರಡು ಸಲ ಬಂದು ಹೋಗಿದ್ದ. ಎರಡು ಗಾಡಿ ಮರಕ್ಕೂ ಸೇರಿ ಮೂವತ್ತೆರಡು ವರಹ, ಕೈಮೇಲೆ. ಚೌಡಾಚಾರಿ ಬದುಕಿನಲ್ಲಿ ಒಟ್ಟಿಗೆ ಅಷ್ಟು ದುಡ್ಡು ಕಂಡಿರಲಿಲ್ಲ. ಹದಿನೆಂಟೆಂದು ತಾನು ಹೇಳಿದ್ದು ಸುಳ್ಳಾಗಿರಲಿಲ್ಲ, ಕಡಿಮೆಯಾಗಿತ್ತು.

"ಕೊಟ್ಬುಡ್ಲಾ?" ಎಂದು ಮಾಯಮ್ಮನನ್ನು ಕೇಳಿದ.

"ಬ್ಯಾಡ."

"ಅವಾಗ ಮಾರಿ ಅಂದೆ. ಈಗ ಬ್ಯಾಡ ಅಂತೀಯ."

"ಅವಾಗ ಹದ್ನೈದಕ್ಕೆ ಮನೆ ಓಯ್ತಿತ್ತು, ದಂಡಿನ್ ಭಯಾನೂ ಓಯ್ತಿತ್ತು. ಈಗ ದಂಡು ಬಂದು ಓಯ್ತು. ಮೂವತ್ತೆರ್ಡನ್ನ ಎಷ್ಟ್ ವರ್ಷ ಉಂಡೀರಿ? ನಿಮ್ ಕೈ ನೆಟ್ಟಗಿದ್ದಿದ್ರೆ ಇನ್ನೊಂದ್ ಮಾತು." ಅವಳು ಅವನಿಗಿಂತ ಬೇಗ ಲೆಕ್ಕ ಹೇಳಿದಳು. "ಮೂರ್ ಮನೆ, ಮೂರ್ ಮೂರ್ ಹಣ. ತಿಂಗ್ಳಿಗೆ ಒಂಬತ್ತು. ವರ್ಷಕ್ಕೆ ಹತ್ತು ವರಹದ್ ಮ್ಯಾಲೆ. ಮೂರೇ ವರ್ಷಕ್ಕೆ ಅಷ್ಟೂ ಬಂದು ಇನ್ನೂ ಮನೆ ಇರ್ತದೆ."

"ಇದೇ ಬಾಡ್ಗೆ ನಿಂತ್ರೆ. ಕೋಟೇಲಿ ಸೂರ್ ಹಾಕ್ಕಂಡ್ ಜನ ವಾಪಸ್ ಓದ್ರೆ?"

"ಓದ್ರೆ ಒಂದ್ ಹಣಕ್ಕೆ ಬತ್ತದೆ."

"ಅದೂ ಇರ್ಲಿ. ಗೋಡೆ ನಮ್ದಾ?"

ಅದು ಮಾಯಮ್ಮನಿಗೂ ತಿಳಿದಿರಲಿಲ್ಲ.

ಆಗ ಜಗುಲಿಯ ದರ್ಜಿ ಸೂಜಿಯನ್ನು ಬಾಯಿಂದ ತೆಗೆದು ಕೇಳಿದ. "ಅಲ್ಲ ಯಜಮಾನ್ರೇ, ಈ ತಿಂಗಳ ಕಿರಾಯಾ ನಾನು ಯಾರಿಗ್ ಕೊಡ್ಬೇಕು?"

"ಅವ್ರಿಗೇ ಕೊಡು," ಎಂದಳು ಒಳಗಿನಿಂದ ಚಿಕ್ಕಬೋರಮ್ಮ.

"ಅವ್ಳಿಗೇ ಕೊಡು," ಎಂದ ಅದೇ ಹೊತ್ತಿಗೆ ಚೌಡಾಚಾರಿ.

"ಯಾ ಅಲ್ಲಾ!" ಎಂದು ದರ್ಜಿ ಮತ್ತೆ ಅಂಗಿಯ ಕಡೆ ತಿರುಗಿದ. "ತಕರಾರು ಮುಗಿಯೋ ತನಕ ನನ್ ಹತ್ರಾನೇ ಇರ್ಲಿ."

ಮಂಚಯ್ಯ ಜೋರಾಗಿ ನಕ್ಕ. ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬೀಸಿತು, ನಾಲ್ಕಾರು ದಪ್ಪ ಹನಿ ಬಿದ್ದು ನಿಂತವು. ಚೌಡಾಚಾರಿ ಎದ್ದು ಒಳಗೆ ಹೋದ. ಗೋಡೆಯ ತಲೆಯ ಹತ್ತಿರ, ತೊಲೆಗಳನ್ನು ಬಿಡಿಸಿದ ಜಾಗದಲ್ಲಿ ಮೊಳದುದ್ದದ ಗೂಡುಗಳಿದ್ದವು. ಬಿದಿರಿನ ಗಳುಗಳು ಅವುಗಳ ಮೇಲೆ ಕೂತಿರಲಿಲ್ಲ. ಪಕ್ಕಕ್ಕೆ ಬೇರೆ ತೂತು ಮಾಡಿ ಕೂರಿಸಿದ್ದರು. ಪ್ರತಿ ಗೂಡಿಗೂ ಒಣಹುಲ್ಲು ತುರುಕಿ, ಬಾಯಿಗೆ ಒಡೆದ ಹೆಂಚಿನ ಚೂರು ಒತ್ತಿದ್ದರು. ಅವನು ಎಡಗೈಯಿಂದ ಒಂದನ್ನು ತೆಗೆದು ನೋಡಿದ. ಒಳಗೆ ಒಣಗಿತ್ತು. ಅಂಚು ಮುರಿದಿರಲಿಲ್ಲ.

"ಇವನ್ನ್ ಯಾಕೆ ಮಣ್ಣಿಟ್ಟು ಮುಚ್ನಿಲ್ಲ?" ಎಂದು ಕೇಳಿದ.

"ಮುಚ್ಬುಟ್ರೆ ನಿಮ್ ತೊಲೆ ಎಲ್ ಕೂರ್ಸೀರಿ?" ಎಂದಳು ಚಿಕ್ಕಬೋರಮ್ಮ ತಲೆ ಎತ್ತದೆ.

"ಸೂರ್ ಹಾಕ್ಸ್ದಾಗ್ಲೇ ಇದ್ನ ಮಾಡಿದ್ದಾ? ಹೆಸ್ರು ಬರ್ಕಳದಕ್ ಮುಂಚೆನಾ?"

"ಮುಂಚೆನೋ ಆಮ್ಯಾಕೋ. ಯಾರ್ ಗ್ಯಪ್ತಿ ಇಟ್ಟವ್ರೆ?"

ಅವನು ಇನ್ನೊಂದು ಗೂಡನ್ನೂ ನೋಡಿದ, ಮೂರನೆಯದನ್ನೂ ನೋಡಿದ. ಎಲ್ಲವೂ ಹಾಗೇ ಇದ್ದವು. ಇದರಿಂದ ಮನೆ ಯಾರದೆಂದು ತೀರ್ಮಾನವಾಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಶಾನುಭೋಗ ಗೂಡನ್ನೂ ಬರೆದುಕೊಳ್ಳುವುದಿಲ್ಲ. ಅವಳು ಕಚೇರಿಗೆ ಬರುತ್ತಾಳೋ ಇಲ್ಲವೋ, ಬಂದರೂ ಅಲ್ಲಿ ನಿಂತು ಏನು ಹೇಳುತ್ತಾಳೋ. ಮೂವತ್ತೆರಡು ವರಹವಾದರೆ ಈಗಲೇ ಕೈಗೆ ಬರುತ್ತದೆ.

ಹೊರಗೆ ಬಂದು, "ಮಂಡಿಯೋನಿಗೆ ಬ್ಯಾಡ ಅನ್ನು," ಎಂದ.

"ಯೋಳ್ಬುಟ್ಟೆ ಅನ್ಕೋ. ಆಮ್ಯಾಕೆ ನನ್ ಬಯ್ಬೇಡ ಕಣ್ಲಾ," ಎಂದು ಮಂಚಯ್ಯ ಹಗ್ಗ ಬಿಚ್ಚತೊಡಗಿದ.

ಒಪ್ಪಂದ ಮಾತಿನಲ್ಲೇ ಆಯಿತು. ಚಿಕ್ಕಬೋರಮ್ಮನ ನಾಲ್ಕು ವರಹ ಭೋಗ್ಯದ ದುಡ್ಡೆಂದೇ ಲೆಕ್ಕ. ಎರಡು ವರ್ಷ ಅವಳಿಗೆ ಬಾಡಿಗೆಯಿಲ್ಲ. ಉಳಿದೆರಡು ಮನೆಯ ಬಾಡಿಗೆ ಈ ತಿಂಗಳಿನಿಂದ ಚೌಡಾಚಾರಿಗೆ. ಸೋಮವಾರ ಅವಳು ಕಚೇರಿಗೆ ಬಂದು ಹೇಳಬೇಕು. ಅಲ್ಲಿಯವರೆಗೆ ಆಚಾರಿ ದಂಪತಿಗೆ ಅವಳ ಜಗುಲಿಯಲ್ಲಿ ಮಲಗಲು ಜಾಗ. ಎರಡು ವರ್ಷದ ಮೇಲೆ ನಾಲ್ಕು ವರಹ ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಸೋಮವಾರ ಮಳೆ ಬಂದರೆ ಏನು ಎಂದು ಮಾಯಮ್ಮ ಕೇಳಿದಳು. ಮಂಗಳವಾರ ಎಂದಳು ಚಿಕ್ಕಬೋರಮ್ಮ.

ಮೊದಲ ತೊಲೆ ಗಾಡಿಯಿಂದ ಇಳಿಯಿತು. ದರ್ಜಿಯೂ ಹೆಗಲು ಕೊಟ್ಟ. ಚೌಡಾಚಾರಿ ಏಣಿಯನ್ನು ಗೋಡೆಯ ಹತ್ತಿರ ತಂದು, ಆನಿಸಲು ಹೋದವನು ಅರ್ಧಕ್ಕೇ ನಿಂತ. ಇಪ್ಪತ್ತು ವರ್ಷದಿಂದ ಈ ಗೋಡೆಗೆ ಏಣಿ ಇಡುವಾಗ ಅವನು ಯಾರನ್ನೂ ಕೇಳಿರಲಿಲ್ಲ.

"ಬೋರಮ್ಮ," ಎಂದು ಕರೆದ. "ಏಣಿ ಹಾಕ್ಲಾ?"

ಭಟ್ಟಿಯ ಮುಂದಿನಿಂದ ಅವಳು ಕತ್ತು ಹೊರಳಿಸಿ ಏಣಿಯನ್ನೂ ಗೋಡೆಯನ್ನೂ ನೋಡಿದಳು.

"ಊಂ, ಹಾಕ್ಕಳಿ," ಎಂದಳು. "ಆ ಕಡೆ ಮೂಲೇಲ್ ಬ್ಯಾಡ. ಅಲ್ಲಿ ನೆಂದದೆ."